ಗೋಡಂಬಿ, ಬಾದಾಮಿ ಹಾಕಿದ ಸರಳ ಅನ್ನ: ಬೀಜ ಗರಿಗರಿಯಾಗಿ ಉಳಿಯಬೇಕಾದರೆ ಏನು ಮಾಡಬೇಕು?

ಬಿಸಿ ಅಗುಳು

ಎಲ್ಲರಿಗೂ ನಮಸ್ಕಾರ. ಗ್ರೇವಿ ಜೊತೆ ಬಡಿಸೋಕೆ ಒಂದು ಸರಳವಾದ ಅನ್ನ ಬೇಕಾಗಿದೆ. ಬರೀ ಬಿಳಿ ಅನ್ನ ಅಲ್ಲ, ಹಾಗಂತ ಮಸಾಲೆ ತುಂಬಿ ಅದೇ ಊಟದ ಮುಖ್ಯ ಪದಾರ್ಥ ಅನ್ನಿಸೋ ಹಾಗೂ ಇರಬಾರದು. ತುಪ್ಪ, ಜೀರಿಗೆ, ಒಂದಿಷ್ಟು ಗೋಡಂಬಿ, ಬಾದಾಮಿ, ಅಷ್ಟೇ.

ಈಗ ಮಾಡೋ ಕ್ರಮ ಹೇಳ್ತೀನಿ. ಪಾತ್ರೆಗೆ ತುಪ್ಪ ಹಾಕಿ, ಜೀರಿಗೆ ಚಟಪಟ ಅಂದ ಮೇಲೆ ಬೀಜಗಳನ್ನು ಹುರಿದು, ಅದರ ಮೇಲೇ ಅಕ್ಕಿ, ಉಪ್ಪು, ನೀರು ಹಾಕಿ ಮುಚ್ಚಿ ಬೇಯಿಸ್ತೀನಿ. ಅನ್ನ ಚೆನ್ನಾಗೇ ಆಗುತ್ತೆ. ಆದರೆ ಬಾದಾಮಿ ಬೇಯಿಸಿದ ಕಾಳಿನ ಹಾಗೆ ಮೆತ್ತಗಾಗಿರುತ್ತೆ. ಹುರಿಯುವಾಗ ಮನೆ ತುಂಬಾ ಇದ್ದ ಘಮ ತಟ್ಟೆಗೆ ಬರೋ ಹೊತ್ತಿಗೆ ಇರೋದೇ ಇಲ್ಲ. ಹೆಚ್ಚು ಹುರಿಯಬೇಕಾ, ಬೇರೆ ಬೀಜ ಹಾಕಬೇಕಾ? ತಿಳಿದವರು ಹೇಳಿ.

ಸಣ್ಣ ಉರಿ

ಬೀಜವೂ ಸರಿಯಿದೆ, ನೀವು ಹುರಿಯೋದೂ ಸರಿಯಿದೆ. ಹುರಿದಾದ ಮೇಲೆ ಅದು ಎಲ್ಲಿರುತ್ತೆ ಅನ್ನೋದರಲ್ಲಿ ವ್ಯತ್ಯಾಸ ಆಗ್ತಿರೋದು.

ಹುರಿಯೋದು ಅಂದರೆ ಬೀಜದೊಳಗಿನ ತೇವ ಓಡಿಸೋದು. ತೇವ ಹೋದಾಗಲೇ ಅದು ಗರಿಗರಿ ಆಗೋದು, ಬಣ್ಣ ತಿರುಗೋದು, ಘಮ ಬರೋದು. ಅಷ್ಟು ಕಷ್ಟಪಟ್ಟು ಒಣಗಿಸಿದ್ದನ್ನು ಮತ್ತೆ 15 ನಿಮಿಷ ಕುದಿಯೋ ನೀರಲ್ಲಿ, ಹಬೆಯಲ್ಲಿ ಇಟ್ಟರೆ ಕಳೆದ ತೇವವನ್ನೆಲ್ಲ ಅದು ವಾಪಸ್ ಕುಡಿಯುತ್ತೆ. ಇನ್ನೂ ಹೆಚ್ಚು ಹುರಿದರೆ ಕಹಿಯಾಗುತ್ತೆ, ಮೆತ್ತಗಾಗೋದು ಮಾತ್ರ ತಪ್ಪಲ್ಲ. ಅಕ್ಕಿಗೆ ನೀರು ಬೇಕು, ಹುರಿದ ಬೀಜಕ್ಕೆ ನೀರು ಸೋಕಬಾರದು. ಶುರುವಿಂದಲೇ ಎರಡನ್ನೂ ಒಂದೇ ಪಾತ್ರೆಲಿ ಕೂಡಿ ಹಾಕಿದರೆ ಬೀಜ ಸೋಲುತ್ತೆ.

ಹಾಗಂತ ಎರಡು ಪಾತ್ರೆ ತೊಳೆಯೋ ಕೆಲಸ ಏನಿಲ್ಲ. 1 ಕಪ್ ಅಕ್ಕಿಗೆ ಒಂದೂವರೆ ದೊಡ್ಡ ಚಮಚ ತುಪ್ಪ ಸಾಕು. ದಪ್ಪ ತಳದ ಪಾತ್ರೆಲಿ ಸಣ್ಣ ಉರಿಯಲ್ಲಿ ಬಾದಾಮಿ ಹುರಿಯೋಕೆ ಶುರು ಮಾಡಿ. ಅದರ ಬಣ್ಣ ತಿರುಗೋಕೆ ಹೊತ್ತು ಬೇಕು, ಗೋಡಂಬಿಗೆ ಅಷ್ಟು ಬೇಡ, ಆದ್ದರಿಂದ ಗೋಡಂಬಿ ಆಮೇಲೆ ಹಾಕಿ. ನಿಮಗೆ ಬೇಕಾದ ಬಣ್ಣಕ್ಕಿಂತ ಒಂದು ಹದ ಮುಂಚೆಯೇ ಜಾಲರಿ ಸೌಟಲ್ಲಿ ತೆಗೆದು ತಟ್ಟೆ ಮೇಲೆ ಹರವಿಬಿಡಿ. ಒಲೆಯಿಂದ ಇಳಿಸಿದ ಮೇಲೂ ಒಳಗಿನ ಬಿಸಿಗೆ ಅದು ಹುರೀತಾನೇ ಇರುತ್ತೆ. ಗುಡ್ಡೆ ಹಾಕಿದರೆ ನಡುವಿನವು ಕಪ್ಪಾಗುತ್ತವೆ.

ಉಳಿದ ಅದೇ ತುಪ್ಪಕ್ಕೆ ಜೀರಿಗೆ, ಆಮೇಲೆ ಅಕ್ಕಿ. ಬೀಜದ ಘಮ ಆ ತುಪ್ಪದಲ್ಲಿ ಇಳಿದಿರುತ್ತೆ, ಅದು ಅನ್ನಕ್ಕೆ ಹೋಗುತ್ತೆ. ಬೀಜ ಮಾತ್ರ ಬಡಿಸೋ ಹೊತ್ತಿಗೆ ಬೆರೆಸಿ.

ಇನ್ನೊಂದು ಮಾತು, ಬಿಸಿ ಇರುವಾಗ ಬೀಜ ಕಚ್ಚಿ ನೋಡಿ "ಇನ್ನೂ ಮೆತ್ತಗಿದೆ" ಅಂತ ಮತ್ತೆ ಒಲೆಗೆ ಇಡಬೇಡಿ. ಬಿಸಿಯಲ್ಲಿ ಎಲ್ಲ ಬೀಜವೂ ಸ್ವಲ್ಪ ಮೆತ್ತಗೇ ಇರುತ್ತೆ. ಗರಿಗರಿ ಬರೋದು ಆರಿದ ಮೇಲೆ.

ಎರಡನೇ ಒಗ್ಗರಣೆ

ಮೇಲಿನವರು ಹೇಳಿದ್ದಕ್ಕೆ ಒಂದೇ ಸೇರಿಸ್ತೀನಿ. ಬೀಜ ತಟ್ಟೆಗೆ ಬಿದ್ದ ತಕ್ಷಣ, ತುಪ್ಪದ ಪಸೆ ಇರುವಾಗಲೇ ಒಂದು ಚಿಟಿಕೆ ಪುಡಿ ಉಪ್ಪು ಉದುರಿಸಿ. ಆರಿದ ಮೇಲೆ ಹಾಕಿದರೆ ಉಪ್ಪು ತಟ್ಟೆಯಲ್ಲೇ ಉಳಿಯುತ್ತೆ. ಅನ್ನದ ಉಪ್ಪು ಬೀಜದೊಳಕ್ಕೆ ಹೋಗಲ್ಲ, ಹಾಗಾಗಿ ಬೀಜಕ್ಕೆ ಅದರದ್ದೇ ಉಪ್ಪು ಬೇಕು. ಬಾಯಿಗೆ ಸಿಕ್ಕಾಗ ವ್ಯತ್ಯಾಸ ಗೊತ್ತಾಗುತ್ತೆ.

ಹಳೆ ಕಡಾಯಿ

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಲ್ಲ ಬೀಜವೂ ಗರಿಗರಿಯಾಗೇ ಇರಬೇಕು ಅನ್ನೋದನ್ನು ನಾನು ಒಪ್ಪಲ್ಲ. ಅಕ್ಕಿ ಜೊತೆಗೇ ಬೆಂದ ಗೋಡಂಬಿಗೆ ಅದರದ್ದೇ ರುಚಿ ಇದೆ. ಹಾಲಿನಂಥ ಸಿಹಿ ಬರುತ್ತೆ, ನಾಲಿಗೆ ಮೇಲೆ ಕರಗುತ್ತೆ. ಗೋಡಂಬಿಯಲ್ಲಿ ಬೇರೆ ಬೀಜಗಳಿಗಿಂತ ಪಿಷ್ಟ ಹೆಚ್ಚು, ಅದಕ್ಕೇ ಗ್ರೇವಿ ದಪ್ಪ ಮಾಡೋಕೆ ಅದನ್ನು ಅರೆದು ಹಾಕ್ತಾರೆ. ಆ ಗುಣ ಅನ್ನದಲ್ಲೂ ಕೆಲಸಕ್ಕೆ ಬರುತ್ತೆ. ಮನೇಲಿ ಹಲ್ಲು ಸಡಿಲ ಆದ ಹಿರಿಯರಿದ್ದರೆ ಗರಿಗರಿ ಬಾದಾಮಿ ಅವರಿಗೆ ಹಿಂಸೆ. ಅವರು ತಟ್ಟೆಯ ಅಂಚಿಗೆ ಸರಿಸಿಡೋದನ್ನು ನೋಡಿದರೆ ಬಡಿಸಿದವರಿಗೆ ಬೇಸರ ಆಗಲ್ವಾ?

ಅರ್ಧ ಗೋಡಂಬಿ ಅಕ್ಕಿ ಜೊತೆ ಹಾಕಿ, ಉಳಿದರ್ಧ ಹುರಿದು ಮೇಲೆ ಹಾಕಿ. ಒಂದೇ ತುತ್ತಲ್ಲಿ ಎರಡೂ ಸಿಗುತ್ತೆ.

ಸಣ್ಣ ಉರಿ

ಬೇಜಾರು ಯಾಕೆ, ಗೋಡಂಬಿ ವಿಷಯದಲ್ಲಿ ನೀವು ಹೇಳೋದು ಪೂರ್ತಿ ಸರಿ. ಅರ್ಧ ಅರ್ಧ ಮಾಡೋದು ಒಳ್ಳೆ ಉಪಾಯ. ಆದರೆ ಆ ರಿಯಾಯಿತಿ ಗೋಡಂಬಿಗೆ ಮಾತ್ರ. ಸಿಪ್ಪೆ ಇರೋ ಬಾದಾಮಿ ಅನ್ನದ ಜೊತೆ ಬೆಂದರೆ ಸಿಪ್ಪೆ ಸುಲಿದು ಅಲ್ಲಲ್ಲಿ ಅಂಟಿಕೊಳ್ಳುತ್ತೆ, ಕಂದು ಬಣ್ಣ ಬಿಡುತ್ತೆ. ಅಕ್ರೋಟಂತೂ ಬೇಡವೇ ಬೇಡ. ಅದರ ಸಿಪ್ಪೆಯ ಒಗರೆಲ್ಲ ನೀರಿಗೆ ಇಳಿದು ಅನ್ನ ಮಂಕು ಬಣ್ಣಕ್ಕೆ ತಿರುಗುತ್ತೆ.

ಹಿರಿಯರಿಗೆ ಬಾದಾಮಿ ಕೊಡಬೇಕಂದರೆ ಕುದಿಯೋ ನೀರಿಗೆ ಒಂದು ನಿಮಿಷ ಹಾಕಿ, ತೆಗೆದು, ಸಿಪ್ಪೆ ಜಾರಿಸಿ, ತೆಳ್ಳಗೆ ಸೀಳಿ. ಬಟ್ಟೆ ಮೇಲೆ ಪೂರ್ತಿ ಆರಿಸಿ ಆಮೇಲೆ ತುಪ್ಪಕ್ಕೆ ಹಾಕಿ. ಸೀಳು ತೆಳ್ಳಗಿದ್ದರೆ ಗರಿಗರಿಯಾಗಿಯೂ ಇರುತ್ತೆ, ಹಲ್ಲಿಗೂ ಕಷ್ಟ ಆಗಲ್ಲ. ತೆಳು ಸೀಳು ಬೇಗ ಸೀಯುತ್ತೆ, ಒಲೆ ಮುಂದಿಂದ ಅಲ್ಲಾಡಬೇಡಿ.

ಬಿಸಿ ಅಗುಳು

ಎಷ್ಟು ಚೆನ್ನಾಗಿ ಹೇಳಿದಿರಿ ಎಲ್ಲರೂ! ಬೀಜದ ಗೊಂದಲ ತೀರಿತು. ಇನ್ನೊಂದು ಕೇಳಲಾ? 1 ಕಪ್ ಬಾಸ್ಮತಿಗೆ 2 ಕಪ್ ನೀರು ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ, ಒಂದು ಕಪ್‌ಗೆ ಹೇಗೋ ಆಗುತ್ತೆ. ನೆಂಟರು ಬಂದಾಗ 4 ಕಪ್ ಅಕ್ಕಿಗೆ 8 ಕಪ್ ನೀರು ಇಟ್ಟರೆ ತಳದಲ್ಲಿ ಮುದ್ದೆ, ಮೇಲೆ ಮಾತ್ರ ಅಗುಳು. ಲೆಕ್ಕ ಅದೇ ಇದ್ದರೂ ಹೀಗ್ಯಾಕೆ?

ತೂಕದ ಕಲ್ಲು

ಲೆಕ್ಕ ಅದೇ ಇದ್ದದ್ದಕ್ಕೇ ಹಾಗಾಯ್ತು. ಇದನ್ನು ಸ್ವಲ್ಪ ಬಿಡಿಸಿ ಬರೀತೀನಿ, ಯಾಕಂದರೆ ಇದು ಗೊತ್ತಾದರೆ ಯಾವ ಪಾತ್ರೆ, ಯಾವ ಅಳತೆ ಬಂದರೂ ಹೆದರಬೇಕಾಗಿಲ್ಲ.

ನೀವು ಸುರಿದ ನೀರು ಎರಡು ದಾರಿ ಹಿಡಿಯುತ್ತೆ. ಒಂದು ಪಾಲು ಅಕ್ಕಿಯೊಳಗೆ ಹೋಗುತ್ತೆ, ಇನ್ನೊಂದು ಪಾಲು ಆವಿಯಾಗಿ ಹೊರಗೆ ಹೋಗುತ್ತೆ. ಬಿಳಿ ಅಕ್ಕಿ ಹೀರೋ ನೀರು ಹೆಚ್ಚು ಕಡಿಮೆ ಅದರ ಅಳತೆಯಷ್ಟೇ, ಅಂದರೆ 1 ಕಪ್‌ಗೆ 1 ಕಪ್. ಆವಿಯಾಗೋ ನೀರಿಗೂ ಅಕ್ಕಿಯ ಅಳತೆಗೂ ಸಂಬಂಧ ಇಲ್ಲ. ಪಾತ್ರೆಯ ಬಾಯಿ ಎಷ್ಟು ಅಗಲ, ಮುಚ್ಚಳ ಎಷ್ಟು ಬಿಗಿ, ಉರಿ ಎಷ್ಟು, ಎಷ್ಟು ಹೊತ್ತು ಅನ್ನೋದರ ಮೇಲೆ ಅದು ನಿಲ್ಲುತ್ತೆ. ಸಾಧಾರಣ ಪಾತ್ರೆ, ಬಿಗಿ ಮುಚ್ಚಳ, ಸಣ್ಣ ಉರಿ ಇದ್ದರೆ ಅರ್ಧ ಕಪ್ಪಿನ ಆಸುಪಾಸು ಹೋಗುತ್ತೆ.

ಈಗ ನೋಡಿ. 1 ಕಪ್ ಅಕ್ಕಿಗೆ 1 ಮತ್ತು ಅರ್ಧ, ಒಟ್ಟು ಒಂದೂವರೆ. 4 ಕಪ್‌ಗೆ 4 ಮತ್ತು, ಪಾತ್ರೆ ದೊಡ್ಡದಾದ್ದರಿಂದ, ಮುಕ್ಕಾಲಿಂದ 1 ಕಪ್. ಒಟ್ಟು 5ರ ಹತ್ತಿರ. ನೀವು ಹಾಕಿದ್ದು 8. ಹೆಚ್ಚಾದ 3 ಕಪ್ ನೀರು ಹೋಗೋಕೆ ಜಾಗ ಇಲ್ಲದೆ ತಳದ ಅನ್ನವನ್ನು ಮುದ್ದೆ ಮಾಡಿತು.

ನೆನೆಸಿದ ಅಕ್ಕಿ ಅದಾಗಲೇ ಒಂದಿಷ್ಟು ನೀರು ಕುಡಿದಿರುತ್ತೆ, ಆದ್ದರಿಂದ ನೆನೆಸಿದ್ದರೆ ಈ ಲೆಕ್ಕದಲ್ಲೂ ಎರಡು ಮೂರು ಚಮಚ ಕಡಿಮೆ ಇರಲಿ. ಬಾಸ್ಮತಿಗೆ 20ರಿಂದ 30 ನಿಮಿಷ ನೆನೆಯೋದು ಒಳ್ಳೇದು. ನೀರು ಒಳಗಿನ ತನಕ ಇಳಿದಿದ್ದರೆ ಅಗುಳು ಉದ್ದಕ್ಕೆ ಬೆಳೆಯುತ್ತೆ, ಹೊರಗೆ ಬೆಂದು ಒಳಗೆ ಗಟ್ಟಿ ಉಳಿಯಲ್ಲ. ನೆನೆಸೋ ಮುಂಚೆ ತೊಳೆದ ನೀರು ತಿಳಿಯಾಗೋ ತನಕ ತೊಳೆಯಿರಿ. ಹೊರಮೈಗೆ ಅಂಟಿದ ಪಿಷ್ಟದ ಪುಡಿ ಹೋಗದಿದ್ದರೆ ಅದೇ ಅಂಟಾಗಿ ಅಗುಳಿಗೆ ಅಗುಳು ಕೂಡಿಸುತ್ತೆ. ಆಮೇಲೆ ಜರಡಿಯಲ್ಲಿ ಚೆನ್ನಾಗಿ ಬಸಿಯಿರಿ. ಒದ್ದೆ ಅಕ್ಕಿ ತುಪ್ಪಕ್ಕೆ ಬಿದ್ದರೆ ಹುರಿಯಲ್ಲ, ಬೇಯೋಕೆ ಶುರುವಾಗುತ್ತೆ.

ಎತ್ತರದ ಜಾಗದಲ್ಲಿ ಇರೋರು ಇದನ್ನೂ ಗಮನಿಸಿ. ಪ್ರತಿ 300 ಮೀಟರ್ ಎತ್ತರಕ್ಕೆ ನೀರು ಸುಮಾರು 1 ಡಿಗ್ರಿ ಕಡಿಮೆ ಬಿಸಿಯಲ್ಲೇ ಕುದಿಯುತ್ತೆ. ಬೇಯೋಕೆ ಹೆಚ್ಚು ಹೊತ್ತು ಬೇಕು, ಅಷ್ಟು ಹೊತ್ತಿಗೆ ಆವಿಯೂ ಹೆಚ್ಚು ಹೋಗುತ್ತೆ. ಅವರಿಗೆ ಇನ್ನೊಂದಿಷ್ಟು ನೀರು ಬೇಕೇ ಬೇಕು.

ಬಿಸಿ ಅಗುಳು

ಇಷ್ಟು ವರ್ಷ ಯಾರೂ ಇದನ್ನು ಹೀಗೆ ಬಿಡಿಸಿ ಹೇಳಿರಲಿಲ್ಲ ಸರ್. ತುಂಬಾ ಧನ್ಯವಾದ.

ದೊಡ್ಡ ಪಾತ್ರೆ

ಇಪ್ಪತ್ತು ಮೂವತ್ತು ಜನಕ್ಕೆ ಮಾಡೋರು ಈ ಲೆಕ್ಕಕ್ಕೂ ಹೋಗಬೇಡಿ, ಬಸಿದುಬಿಡಿ. ಧಾರಾಳ ನೀರು ಕುದಿಸಿ ಉಪ್ಪು ಹಾಕಿ, ನೆನೆದ ಅಕ್ಕಿ ಸುರಿದು, ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬೆಂದಾಗ ಬಸಿಯಿರಿ. ಅಗುಳನ್ನು ಬೆರಳಲ್ಲಿ ಒತ್ತಿದರೆ ನಡುವೆ ಸಣ್ಣ ಬಿಳಿ ಚುಕ್ಕೆ ಉಳಿದಿರಬೇಕು, ಅದೇ ಹದ. ಇನ್ನೊಂದು ಪಾತ್ರೆಲಿ ಬೀಜ ಹುರಿದ ತುಪ್ಪ, ಜೀರಿಗೆ ಇಟ್ಟುಕೊಂಡು, ಬಸಿದ ಅನ್ನ ಅದಕ್ಕೆ ಹಾಕಿ ಮೆಲ್ಲಗೆ ತಿರುವಿ, ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ 10 ನಿಮಿಷ ಬಿಡಿ.

ಬೀಜವನ್ನು ಪಾತ್ರೆಗೆ ಬೆರೆಸೋ ಬದಲು ಬಟ್ಟಲಲ್ಲಿ ಇಟ್ಟುಕೊಂಡು ಬಡಿಸುವಾಗ ಒಂದೊಂದು ತಟ್ಟೆಗೆ ಉದುರಿಸಿದರೆ ಎಲ್ಲರಿಗೂ ಸಮ ಬರುತ್ತೆ. ಇಲ್ಲದಿದ್ದರೆ ಮೊದಲ ಪಂಕ್ತಿಗೆ ಪೂರಾ ಬೀಜ, ಕೊನೇ ಪಂಕ್ತಿಗೆ ಬರೀ ಅನ್ನ.

ಹೊಸ ಸೌಟು

ಎಲೆಕ್ಟ್ರಿಕ್ ಕುಕ್ಕರಲ್ಲಿ ಆಗುತ್ತಾ? ಹಾಸ್ಟೆಲಲ್ಲಿ ಅದೊಂದೇ ಇರೋದು.

ತೂಕದ ಕಲ್ಲು

ಆಗುತ್ತೆ. ಪಾತ್ರೆಲಿ ನೀರು ಇರೋ ತನಕ ತಳದ ಬಿಸಿ 100 ಡಿಗ್ರಿ ಆಸುಪಾಸಲ್ಲೇ ನಿಲ್ಲುತ್ತೆ, ನೀರು ಮುಗಿದ ಕೂಡಲೇ ಮೇಲೇರುತ್ತೆ, ಅದನ್ನು ಗುರುತಿಸಿ ಕುಕ್ಕರ್ ತಾನೇ ನಿಲ್ಲುತ್ತೆ. ಹಾಗಾಗಿ ಬರೀ ತುಪ್ಪ ಹಾಕಿ ಅದರಲ್ಲಿ ಬೀಜ ಹುರಿಯೋಕೆ ಹೋದರೆ ಸ್ವಿಚ್ ನಡುವೆಯೇ ಹಾರುತ್ತೆ. ಸ್ವಲ್ಪ ಬಿಟ್ಟು ಮತ್ತೆ ಒತ್ತಬಹುದು, ಆದರೆ ಹದ ಸಿಗೋದು ಕಷ್ಟ. ಹುರಿದ ಬೀಜವನ್ನೇ ತಂದಿಟ್ಟುಕೊಂಡು, ಅನ್ನ ಆದ ಮೇಲೆ ಬೆರೆಸೋದು ನಿಮಗೆ ಸುಲಭ. ಉಪ್ಪು ಹಾಕಿದ ಬೀಜ ಆದರೆ ಅನ್ನಕ್ಕೆ ಉಪ್ಪು ಕಡಿಮೆ ಮಾಡಿ. ಸ್ವಿಚ್ ಹಾರಿದ ತಕ್ಷಣ ಮುಚ್ಚಳ ತೆಗೆಯದೆ 10 ನಿಮಿಷ ಬಿಡಿ, ಆ ಹೊತ್ತಲ್ಲಿ ಮೇಲಿನ, ತಳದ ತೇವ ಸಮ ಆಗುತ್ತೆ.

ಡಬ್ಬಿ ಕಟ್ಟುವವರು

ಎಲ್ಲರ ಮಾತೂ ಚೆನ್ನಾಗಿದೆ. ನಾನೊಂದು ಗಂಭೀರ ವಿಷಯ ಹೇಳಬೇಕು, ದಯವಿಟ್ಟು ಓದಿ. ಮನೇಲಿ ಬೀಜದ ಅಲರ್ಜಿ ಇರೋ ಮಗು ಇರೋದರಿಂದ ಇದು ನಮಗೆ ದಿನದಿನದ ವಿಷಯ.

ನೆಂಟರಿಗೆ ಮಾಡುವಾಗ "ಬೀಜ ತಿಂತೀರಾ" ಅಂತ ಅಡುಗೆಗೆ ಮುಂಚೆಯೇ ಕೇಳಿ. ಮೇಲೆ ಉದುರಿಸಿದ್ದನ್ನು ಆರಿಸಿ ತೆಗೆದುಬಿಟ್ಟರೆ ಸಾಕು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಸಾಕಾಗಲ್ಲ. ಇಲ್ಲಿ ಎಲ್ಲರೂ ಮೆಚ್ಚಿದ ಆ ಬೀಜ ಹುರಿದ ತುಪ್ಪ ಇದೆಯಲ್ಲ, ಅದೇ ಅಪಾಯ. ಬೀಜದ ಪ್ರೋಟೀನ್ ಅದರಲ್ಲಿ ಇಳಿದಿರುತ್ತೆ. ಕಣ್ಣಿಗೆ ಒಂದು ಚೂರೂ ಕಾಣದಿದ್ದರೂ ಆ ಅನ್ನ ಅಲರ್ಜಿ ಇರೋರಿಗೆ ಆಗಲ್ಲ. ಹುರಿದರೆ ಅಲರ್ಜಿ ಗುಣ ಹೋಗುತ್ತೆ ಅನ್ನೋದೂ ಸುಳ್ಳು. ಅವರ ಪಾಲಿನ ಅನ್ನವನ್ನು ಬೇರೆ ಪಾತ್ರೆ, ಬೇರೆ ಸೌಟಲ್ಲಿ, ಬೀಜ ಮುಟ್ಟೋ ಮುಂಚೆಯೇ ಮಾಡಿ ಎತ್ತಿಡಿ.

ಒಂದು ಬೀಜ ಬದಲು ಇನ್ನೊಂದು ಹಾಕ್ತೀನಿ ಅನ್ನೋದೂ ನಿಮ್ಮ ಅಂದಾಜಿಗೆ ಬಿಟ್ಟ ವಿಷಯ ಅಲ್ಲ. ಗೋಡಂಬಿ, ಪಿಸ್ತಾ ಒಂದೇ ಸಸ್ಯ ಕುಟುಂಬದವು, ಒಂದು ಆಗದವರಿಗೆ ಇನ್ನೊಂದೂ ಆಗದಿರೋದು ಸಾಮಾನ್ಯ. ಕಡಲೆಕಾಯಿ ಬೀಜ ದ್ವಿದಳ ಧಾನ್ಯದ ಗುಂಪಿಗೆ ಸೇರಿದ್ದು, ಅದರ ಅಲರ್ಜಿಯೇ ಬೇರೆ, ಆದರೆ ಎರಡೂ ಇರೋ ಜನ ಇದ್ದಾರೆ. ನಾವು ಕುಂಬಳ ಬೀಜ ಹುರಿದು ಹಾಕ್ತೀವಿ, ಅದು ನಮ್ಮ ಮಗುವಿಗೆ ಆಗುತ್ತೆ ಅಂತ ವೈದ್ಯರಿಂದ ತಿಳಿದುಕೊಂಡ ಮೇಲೆ. ಒಣ ಬಾಣಲೆಯಲ್ಲಿ ಚಟಚಟ ಅಂದು ಉಬ್ಬೋ ತನಕ ಹುರಿದರೆ ಅದೂ ತುಂಬಾ ರುಚಿ.

ತೀರಾ ಚಿಕ್ಕ ಮಕ್ಕಳಿಗೆ ಅಲರ್ಜಿ ಇಲ್ಲದಿದ್ದರೂ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ನುಣ್ಣಗೆ ಪುಡಿ ಮಾಡಿ ಹಾಕಿ.

ಹಳೆ ಕಡಾಯಿ

ಆ ತುಪ್ಪದ ವಿಷಯ ಹೇಳಿದ್ದು ತುಂಬಾ ಒಳ್ಳೇದಾಯ್ತು ತಾಯಿ. ಇನ್ಮೇಲೆ ಕೇಳದೆ ಮಾಡಲ್ಲ.

ಕಾಳು ಮೆಣಸು

ಗೋಡಂಬಿ, ಬಾದಾಮಿ ಬಿಟ್ಟು ಬೇರೆ ಬೀಜ ಯಾರಾದರೂ ಹಾಕ್ತೀರಾ? ಮನೇಲಿ ಒಂದು ಡಬ್ಬಿ ಅಕ್ರೋಟು ಹಾಗೇ ಕೂತಿದೆ.

ಎರಡನೇ ಒಗ್ಗರಣೆ

ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ. ಅಕ್ರೋಟಿನ ತೂಕದಲ್ಲಿ ಸುಮಾರು 65 ಭಾಗ ಎಣ್ಣೆ, ಅದರಲ್ಲಿ ಹೆಚ್ಚಿನದು ಗಾಳಿ, ಬೆಳಕು, ಬಿಸಿಗೆ ಬೇಗ ಕೆಡೋ ಜಾತಿಯದು. ಬೇರೆ ಬೀಜಗಳಿಗಿಂತ ಮುಂಚೆ ಅದಕ್ಕೆ ಕಮಟು ಬರುತ್ತೆ. ಕಮಟು ಬಂದ ಬೀಜವನ್ನು ಹುರಿದರೆ ಸರಿ ಹೋಗಲ್ಲ, ಆ ವಾಸನೆ ಇನ್ನೂ ಎದ್ದು ಕಾಣುತ್ತೆ, ಇಡೀ ಪಾತ್ರೆ ಅನ್ನಕ್ಕೆ ಹರಡುತ್ತೆ. ಚೆನ್ನಾಗಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಲ್ಲಿ ಇಡಿ, ತಿಂಗಳುಗಟ್ಟಲೆ ಇರುತ್ತೆ.

ಅನ್ನಕ್ಕೆ ಹಾಕೋದಾದರೆ ಒಣ ಬಾಣಲೆಯಲ್ಲಿ ಹುರಿದು, ಬಿಸಿ ಇರುವಾಗಲೇ ಒರಟು ಬಟ್ಟೆಯಲ್ಲಿ ಕಟ್ಟಿ ಉಜ್ಜಿ. ಒಗರು ಸಿಪ್ಪೆ ಬಹುಪಾಲು ಉದುರುತ್ತೆ. ಸ್ವಲ್ಪ ಒಗರು ಉಳಿದರೂ ಸಿಹಿ ಇರೋ ಗ್ರೇವಿ ಪಕ್ಕದಲ್ಲಿ ಅದು ಚೆನ್ನಾಗೇ ಕೂರುತ್ತೆ.

ಪಿಸ್ತಾ ಹಾಕಿದರೆ ಉಪ್ಪಿಲ್ಲದ್ದು ತನ್ನಿ, ಹೆಚ್ಚು ಹುರಿಯಬೇಡಿ, ಹಸಿರು ಹೋಗಿ ಕಂದಾಗುತ್ತೆ. ಪೈನ್ ಬೀಜ ತೀರಾ ಚಿಕ್ಕದು, ಎಣ್ಣೆ ಹೆಚ್ಚು, ಇನ್ನೂ ಬಿಳಿ ಇದೆ ಅನ್ನೋಷ್ಟರಲ್ಲಿ ಸೀದಿರುತ್ತೆ. ಕಡಲೆಕಾಯಿ ಬೀಜ ನನಗೆ ಇಷ್ಟ, ಆದರೆ ಅದರ ರುಚಿ ಜೋರು. ಪಕ್ಕದ ಗ್ರೇವಿಯೂ ಅಷ್ಟೇ ಜೋರಾಗಿರಬೇಕು.

ಸಣ್ಣ ಉರಿ

ಇವರ ಕೊನೇ ಮಾತನ್ನು ನಾನು ಸ್ವಲ್ಪ ಮುಂದಕ್ಕೆ ಎಳೀತೀನಿ, ಯಾಕಂದರೆ ಈ ಅನ್ನದ ಜೀವ ಅಲ್ಲೇ ಇರೋದು. ಇದು ಪಕ್ಕದಲ್ಲಿ ಕೂರೋ ಅನ್ನ. ಅದಕ್ಕೆ ಚಕ್ಕೆ, ಲವಂಗ, ಈರುಳ್ಳಿ, ಹಸಿಮೆಣಸು, ಕೇಸರಿ ಎಲ್ಲ ಸೇರಿಸ್ತಾ ಹೋದರೆ ಗ್ರೇವಿಗೆ ಹೇಳೋಕೆ ಏನೂ ಉಳಿಯಲ್ಲ. ಖಾರದ ಗ್ರೇವಿ ಇದ್ದರೆ ಗೋಡಂಬಿ ಹೆಚ್ಚು ಹಾಕಿ, ಅದರ ಸಿಹಿ ಖಾರವನ್ನು ತಣಿಸುತ್ತೆ. ಹುಳಿ ಇರೋ ಟೊಮೇಟೊ ಗ್ರೇವಿಗೆ ಬಾದಾಮಿ. ಕೆನೆ ಹಾಕಿದ ಗ್ರೇವಿ ಆದರೆ ಗೋಡಂಬಿ ಬೇಡ, ಎರಡೂ ಒಂದೇ ರುಚಿಯಾಗುತ್ತೆ. ಬೀಜದ ಅಳತೆಯೂ ಮಿತಿಯಲ್ಲಿರಲಿ, 1 ಕಪ್ ಅಕ್ಕಿಗೆ ಕಾಲು ಕಪ್ ಸಾಕು. ಅದಕ್ಕಿಂತ ಹೆಚ್ಚಾದರೆ ಅಗಿಯೋದೇ ಕೆಲಸ ಆಗಿ ಅನ್ನ ಹಿಂದೆ ಬೀಳುತ್ತೆ.

ಅಕ್ಕಿಯನ್ನು ತುಪ್ಪದಲ್ಲಿ ಎರಡು ಮೂರು ನಿಮಿಷ ಹುರಿಯೋದನ್ನು ಮಾತ್ರ ಬಿಡಬೇಡಿ. ಅಗುಳಿನ ಅಂಚು ಬೆಳ್ಳಗಾಗಿ, ಸೌಟು ಆಡಿಸಿದರೆ ಸರಸರ ಸದ್ದು ಬರಬೇಕು. ಆಗ ಅಕ್ಕಿಗೇ ಬೀಜದಂಥ ಒಂದು ಘಮ ಬರುತ್ತೆ. ಆ ಘಮ ಇದ್ದರೆ ಮೇಲೆ ಹಾಕಿದ ಬೀಜ ಅನ್ನದಿಂದ ಬೇರೆ ಅನ್ನಿಸಲ್ಲ. ನೆನೆದ ಬಾಸ್ಮತಿ ಬೇಗ ಮುರಿಯುತ್ತೆ, ಸೌಟನ್ನು ಅಂಚಿನಿಂದ ಒಳಕ್ಕೆ ತಂದು ಮೆಲ್ಲಗೆ ಮಗುಚಿ.

ಹೊಸ ಸೌಟು

ಉಳಿದರೆ ಮಾರನೇ ದಿನ ತಿನ್ನಬಹುದಾ?

ತೂಕದ ಕಲ್ಲು

ತಿನ್ನಬಹುದು, ಆದರೆ ರಾತ್ರಿ ಪೂರ್ತಿ ಹೊರಗೆ ಇಟ್ಟದ್ದನ್ನಲ್ಲ. ಅಕ್ಕಿಯಲ್ಲಿರೋ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯಲ್ಲ. ಅನ್ನ ಬೆಚ್ಚಗೆ ಹೊರಗಿದ್ದರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ಬರಿಸೋ ಆ ವಿಷ ಮತ್ತೆ ಕುದಿಸಿದರೂ ಹೋಗಲ್ಲ. ಆದ್ದರಿಂದ ಊಟ ಆದ ಕೂಡಲೇ ಉಳಿದ ಅನ್ನವನ್ನು ಅಗಲವಾದ ತಟ್ಟೆಗೆ ಹರವಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮಾರನೇ ದಿನ ಮುಗಿಸಿ. ಹಾಸ್ಟೆಲಲ್ಲಿ ಫ್ರಿಜ್ ಇಲ್ಲದಿದ್ದರೆ ಉಳಿಯದ ಹಾಗೆ ಅಳತೆ ಇಡಿ. 1 ಕಪ್ ಅಕ್ಕಿ ಬೆಂದರೆ ಸುಮಾರು 3 ಕಪ್ ಅನ್ನ ಆಗುತ್ತೆ, ಒಬ್ಬರಿಗೆ ಅರ್ಧ ಕಪ್ ಅಕ್ಕಿ ಸಾಕು.

ಫ್ರಿಜ್‌ನಲ್ಲಿ ಅನ್ನ ಗಟ್ಟಿಯಾಗಿರುತ್ತೆ, ನೀರು ಚಿಮುಕಿಸಿ ಮುಚ್ಚಿ ಹಬೆ ಏಳೋ ತನಕ ಬಿಸಿ ಮಾಡಿ. ಬೀಜ ಬೆರೆಸಿಟ್ಟಿದ್ದರೆ ಅದು ಮೆತ್ತಗಾಗಿರುತ್ತೆ. ಬೇರೆ ಇಟ್ಟಿದ್ದರೆ ಆಗ ಹೊಸದಾಗಿ ಉದುರಿಸಿ.

ಬಿಸಿ ಅಗುಳು

ಇವತ್ತು ಮಧ್ಯಾಹ್ನ ಮಾಡಿದೆ. ಬಾದಾಮಿ ಸೀಳಿ ಹುರಿದು ಬೇರೆ ಇಟ್ಟೆ, ಅರ್ಧ ಗೋಡಂಬಿ ಅಕ್ಕಿ ಜೊತೆ, ಅರ್ಧ ಮೇಲೆ. 1 ಕಪ್‌ಗೆ ಒಂದೂವರೆ ಕಪ್ಪಿಗಿಂತ ಎರಡು ಚಮಚ ಕಡಿಮೆ ಬಿಸಿ ನೀರು, ಮುಕ್ಕಾಲು ಚಿಕ್ಕ ಚಮಚ ಉಪ್ಪು. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 12 ನಿಮಿಷ, ಒಲೆ ಆರಿಸಿ ಮುಚ್ಚಳ ತೆಗೆಯದೆ 10 ನಿಮಿಷ. ಅನ್ನ ಉದುರುದುರಾಗಿ ಬಂತು, ತಳ ಹಿಡಿಯಲಿಲ್ಲ. ಬಾದಾಮಿ ಕೊನೇ ತುತ್ತಿನ ತನಕ ಕರುಂ ಕರುಂ ಅಂತಿತ್ತು! ಮನೇಲಿ ಅತ್ತೆ ಮೆತ್ತಗಿನ ಗೋಡಂಬಿಯನ್ನೇ ಹುಡುಕಿ ಹುಡುಕಿ ತಿಂದರು. ಎಲ್ಲರಿಗೂ ಮನಸಾರೆ ಧನ್ಯವಾದ.

ಒಂದೇ ಒಂದು ಕೊನೇ ಪ್ರಶ್ನೆ. ಮಕ್ಕಳು ಒಣದ್ರಾಕ್ಷಿಯೂ ಬೇಕು ಅಂತಿದ್ದಾರೆ. ಬೀಜದ ಜೊತೆಗೇ ಹುರಿದು ತೆಗೆದಿಡಲಾ?

ಸಣ್ಣ ಉರಿ

ಬೀಜ ತೆಗೆದ ಮೇಲೆ ಅದೇ ತುಪ್ಪಕ್ಕೆ ದ್ರಾಕ್ಷಿ ಹಾಕಿ, ಉಬ್ಬಿದ ಕೂಡಲೇ ತೆಗೆಯಿರಿ, ಅರ್ಧ ನಿಮಿಷವೂ ಬೇಡ. ಅದರಲ್ಲಿ ಸಕ್ಕರೆ ಹೆಚ್ಚು ಇರೋದರಿಂದ ತಕ್ಷಣ ಕರಟುತ್ತೆ. ಬೀಜ ಇಟ್ಟ ತಟ್ಟೆಗೆ ಮಾತ್ರ ಹಾಕಬೇಡಿ, ದ್ರಾಕ್ಷಿಯ ತೇವಕ್ಕೆ ಬಾದಾಮಿ ಮೆತ್ತಗಾಗುತ್ತೆ. ಬೇರೆ ಬಟ್ಟಲಲ್ಲಿ ಇಟ್ಟು, ಬಡಿಸುವಾಗ ಎರಡನ್ನೂ ಉದುರಿಸಿ.